ನಟ್ಟಿನ ಮೇಲಿನ ಕೆಂಪು ಗೆರೆ

ಮೇ 4
ಮೊದಲನೆಯ ಬಿಡಾರ

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಗಡಿ ದಾಟಿ ಬಂದು ಎರಡು ದಿನವಾಯಿತು. ಬಾಯಿದ್ದೂ ಮೂಗರಾಗಿದ್ದೇವೆ. ನಿನ್ನ ಭಾವನಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ನಕ್ಷೆ ಬಿಚ್ಚಿ ಹಿಡಿದು ಕಂಡಕಂಡವರ ಜೊತೆ ಬೆರಳಿನಲ್ಲೇ ಹರಟುತ್ತಾರೆ. ರಸ್ತೆ ಇಲಾಖೆಯಲ್ಲಿ ಹದಿನೈದು ವರ್ಷ ನಕ್ಷೆ ಬರೆದವರಿಗೆ ಹೆಂಡತಿಯ ಮಾತಿಗಿಂತ ಅದೇ ಸಲೀಸು. ದೊಡ್ಡವಳು ತನ್ನ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮುಂದೆ. ಹನ್ನೆರಡು ತುಂಬಿದ ಮೇಲೆ ಅಪ್ಪ ಅಮ್ಮನ ಪಕ್ಕದಲ್ಲಿ ಹೋಗುವುದು ಅವಮಾನವಂತೆ.

ಚಿಕ್ಕವಳು ಗುಬ್ಬಿಯದೇ ದರ್ಬಾರು. ಅವಳು ಕೂತ ಅರ್ಧ ಸೈಕಲ್ ಕಂಡರೆ ಇಲ್ಲಿಯವರು ದಾರಿಯಲ್ಲೇ ನಿಂತುಬಿಡುತ್ತಾರೆ. ‘ನನ್ನ ತಮ್ಮ ಮಾಡಿದ್ದು, ಹಳೇ ಸೈಕಲ್ ಕತ್ತರಿಸಿ ಹಿಂದಿನ ಚಕ್ರ, ಸೀಟು, ಪೆಡಲ್, ಹ್ಯಾಂಡಲ್ ಉಳಿಸ್ಕೊಂಡು, ಸಲಾಕೆ ಹಾಕಿ ನನ್ನ ಸೀಟಿನ ಕೆಳಗೆ ಜೋಡಿಸಿದಾನೆ’ ಎಂದು ಕೈಸನ್ನೆಯಲ್ಲಿ ಹೇಳಿ ಹೇಳಿ ನನ್ನ ತೋಳು ಸೋತಿತು. ಆರು ವರ್ಷದ ಹುಡುಗಿ, ತಾನೇ ನಮ್ಮೆಲ್ಲರನ್ನೂ ಹಿಂದಿನಿಂದ ತಳ್ಳುತ್ತಿದ್ದೇನೆ ಎಂದು ನಂಬಿದ್ದಾಳೆ. ಏರು ಬಂದರೆ ‘ಅಮ್ಮಾ, ನೀನು ಸುಮ್ನೆ ಕೂತ್ಕೋ, ನಾನಿದೀನಿ’ ಅನ್ನುತ್ತಾಳೆ.

ರೈಲಿನ ಸಾಮಾನಿನ ಬೋಗಿಗೆ ಸೈಕಲ್ಲುಗಳನ್ನು ಹತ್ತಿಸಿ ಇಳಿಸುವಷ್ಟರಲ್ಲಿ ಸಾಕುಸಾಕಾಯಿತು. ಇಷ್ಟು ಬಿಟ್ಟರೆ ಎಲ್ಲವೂ ಸರಿಯಾಗಿದೆ. ನಟ್ಟುಗಳ ಮೇಲಿನ ನಿನ್ನ ಕೆಂಪು ಗೆರೆಗಳೆಲ್ಲ ನೀನು ಎಳೆದ ಹಾಗೇ ಇವೆ.

ಹೊರಡುವಾಗ ನೀನು ಅಂಗಡಿಯಿಂದ ಹೊರಗೆ ಬರಲೇ ಇಲ್ಲ. ಗುಬ್ಬಿ ಬೀದಿಯ ತಿರುವಿನವರೆಗೂ ಹಿಂದೆ ತಿರುಗಿ ತಿರುಗಿ ನೋಡಿದಳು. ಅಂಗಡಿಗೆ ಫೋನ್ ಹಾಕಿಸು ಎಂದರೆ ನೀನು ಕೇಳುವವನಲ್ಲ, ಆದ್ದರಿಂದ ಕಾಗದವೇ ಗತಿ. ಯಾವ ತಾರೀಖಿಗೆ ಯಾವ ಊರಿನ ಅಂಚೆ ಕಚೇರಿಗೆ ಹೋಗುತ್ತೇವೆಂದು ಭಾವ ಪಟ್ಟಿ ಕೊಟ್ಟಿದ್ದಾರಲ್ಲ, ಅಲ್ಲಿಗೆ ಬರೆ.

ನಿನ್ನ ಅಕ್ಕ


ಮೇ 8
ಅಂಗಡಿಯಿಂದ

ಅಕ್ಕನಿಗೆ ನಮಸ್ಕಾರಗಳು.

ಕಾಗದ ಮುಟ್ಟಿತು. ಎಲ್ಲರೂ ಕ್ಷೇಮವೆಂದು ತಿಳಿದು ಸಂತೋಷ. ಇಲ್ಲಿ ಏನೂ ವಿಶೇಷವಿಲ್ಲ. ಹತ್ತು ಪಂಕ್ಚರ್, ಎರಡು ಚೈನು. ಪಕ್ಕದ ಫೋಟೊ ಸ್ಟುಡಿಯೊದವರು ತಮ್ಮ ಸೈಕಲ್ ಕಿರುಗುಟ್ಟುತ್ತದೆ ಎಂದು ನಾಲ್ಕನೆಯ ಸಲ ತಂದರು. ಸೈಕಲ್ಲಿಗೆ ಎಣ್ಣೆ ಹಾಕಿದೆ. ಅವರ ಬಾಯಿಗೆ ಏನು ಹಾಕುವುದೋ ತಿಳಿಯಲಿಲ್ಲ.

ನಾನು ಹೊರಗೆ ಬರಲಿಲ್ಲ, ನಿಜ. ‘ಸರಿಯಾಗಿ ಬಿಗಿ ಮಾಡಿದೀಯೇನೋ’ ಎಂದು ನೀನು ಮೂರು ಸಲ ಕೇಳಿದೆ. ನಾಲ್ಕನೆಯ ಸಲ ‘ಅಪ್ಪ ಮಾಡಿದ್ರೆ ನಾನು ಕೇಳ್ತಾನೇ ಇರಲಿಲ್ಲ’ ಅಂದೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷ ನಾನು ಇಲ್ಲಿ ನೊಣ ಹೊಡೆಯುತ್ತಿದ್ದೆನೇ? ಇರಲಿ ಬಿಡು. ಅದನ್ನು ಮತ್ತೆ ಕೆದಕುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದೆ, ನೋಡಿದರೆ ಅದನ್ನೇ ಬರೆದಿದ್ದೇನೆ.

ಒಂದು ಕೆಲಸ ಮಾಡು. ನಿನ್ನ ಸೀಟಿನ ಕೆಳಗೆ ಅರ್ಧ ಸೈಕಲ್ಲಿನ ಸಲಾಕೆಯನ್ನು ಹಿಡಿದಿರುವ ದೊಡ್ಡ ನಟ್ ಇದೆಯಲ್ಲ, ಬಿಡುವಾದಾಗ ಅದಕ್ಕೊಂದು ಸಲ ಸ್ಪಾನರ್ ಹಾಕಿ ನೋಡು. ವಿಶೇಷವೇನಿಲ್ಲ. ದೂರದ ದಾರಿ, ಹೊಸ ರಸ್ತೆ, ಅದಕ್ಕೆ ಹೇಳಿದೆ.

ಗುಬ್ಬಿಗೆ ಹೇಳು, ಅವಳು ತಳ್ಳುವುದು ಇಲ್ಲಿಯವರೆಗೂ ತಿಳಿಯುತ್ತಿದೆ ಎಂದು.

ನಿನ್ನ ತಮ್ಮ


ಮೇ 9
ನದಿಯ ಪಕ್ಕದ ಬಿಡಾರ

ತಮ್ಮನಿಗೆ,

ನಿನ್ನ ಕಾಗದ ಇನ್ನೂ ಕೈಗೆ ಸಿಕ್ಕಿಲ್ಲ, ಆದರೂ ಬರೆಯುತ್ತಿದ್ದೇನೆ. ನಿನ್ನೆ ಇಡೀ ದಿನ ಮಳೆ. ಟೆಂಟಿನ ಒಂದು ಮೂಲೆ ಸೋರಿತು, ಆ ಮೂಲೆಯಲ್ಲಿ ಮಲಗಿದ್ದವರು ನಿನ್ನ ಭಾವ. ‘ನಕ್ಷೆಯಲ್ಲಿ ಈ ನದಿ ಟೆಂಟಿನ ಹೊರಗಡೆ ಇತ್ತು’ ಎಂದರು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಸ್ಟವ್ ಹತ್ತಲಿಲ್ಲ. ತಣ್ಣನೆಯ ಬ್ರೆಡ್ಡು, ಬೇಯಿಸಿಟ್ಟಿದ್ದ ಆಲೂಗಡ್ಡೆ ತಿಂದು ನಾಲ್ಕೂ ಜನ ಒಬ್ಬರಿಗೊಬ್ಬರು ಅಂಟಿ ಕೂತಿದ್ದೆವು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿರುತ್ತೇವೆ. ಇಷ್ಟು ಹತ್ತಿರ ಕೂತು ಎಷ್ಟು ವರ್ಷವಾಗಿತ್ತೋ.

ದೊಡ್ಡವಳು ಕೇಳಿದಳು, ‘ಮಾವ ಯಾಕೆ ನಮ್ಮ ಜೊತೆ ಬರಲಿಲ್ಲ?’ ಅಂಗಡಿ ಇದೆ ಎಂದೆ. ‘ನೀನು ಕರೆದೆಯಾ?’ ಎಂದಳು. ಇವಳನ್ನು ಮುಂದೆ ವಕೀಲಿಕೆಗೆ ಹಾಕಬೇಕು.

ಇವತ್ತು ಬಿಸಿಲು. ಮೂವತ್ತೆರಡು ಕಿಲೊಮೀಟರ್ ಬಂದೆವು. ಹಿಂದಿನಿಂದ ಏನೋ ಕಟಕಟ ಸದ್ದು ಬರುತ್ತಿತ್ತು. ಗುಬ್ಬಿ ತನ್ನ ತಗಡಿನ ಲೋಟವನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದಾಳೆ, ಅದೇ ಎಂದರು ನಿನ್ನ ಭಾವ. ನಾವು ಮೊದಲು ಹಾಕಿದ್ದ ಲೆಕ್ಕಕ್ಕಿಂತ ಒಂದು ದಿನ ಮುಂದಿದ್ದೇವೆ. ಇನ್ನೊಂದು ವಾರಕ್ಕೆ ದೊಡ್ಡ ಕೆರೆ ಸಿಗುತ್ತದೆ, ಅದರ ದಂಡೆಯಲ್ಲಿ ನಾಲ್ಕು ದಿನ ತಂಗುವುದು.

ಅಕ್ಕ


ಮೇ 13

ತಮ್ಮನಿಗೆ,

ನಿನ್ನ ಎಂಟನೆಯ ತಾರೀಖಿನ ಕಾಗದ ನಿನ್ನೆ ಸಿಕ್ಕಿತು. ಓದಿ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಕೆದಕುವುದಿಲ್ಲ ಎನ್ನುತ್ತಲೇ ಚೆನ್ನಾಗಿ ಕೆದಕಿದ್ದೀಯ.

ನಾಲಿಗೆ ಜಾರಿತು ಕಣೋ. ಮಕ್ಕಳನ್ನು ಕರೆದುಕೊಂಡು ಪರದೇಶಕ್ಕೆ ಹೊರಟ ಗಾಬರಿಯಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ. ತಪ್ಪಾಯಿತು. ಇದನ್ನು ನನ್ನ ಬಾಯಿಂದ ಹೊರಡಿಸಬೇಕೆಂದೇ ತಾನೆ ‘ಸ್ಪಾನರ್ ಹಾಕಿ ನೋಡು’ ಎಂದು ಬರೆದದ್ದು? ನಾನು ಹಾಕಿ ನೋಡಿ, ‘ಅಬ್ಬಾ, ತಮ್ಮ ಏನು ಬಿಗಿ ಮಾಡಿದಾನೆ’ ಎಂದು ಬರೆಯಬೇಕು, ಅಲ್ಲವೇ? ನಿನ್ನ ಹುನ್ನಾರ ನನಗೆ ಗೊತ್ತಿಲ್ಲವೇ.

ಗೆರೆ ನೆಟ್ಟಗಿದೆ. ಗೆರೆ ನೆಟ್ಟಗಿರುವ ನಟ್ಟಿಗೆ ಸ್ಪಾನರ್ ಮುಟ್ಟಿಸಿದರೆ ಅಪ್ಪ ಕೈಮೇಲೆ ಹೊಡೆಯುತ್ತಿದ್ದರು, ಜ್ಞಾಪಕವಿದೆಯೇ? ಅವರು ಬಿಗಿ ಮಾಡಬೇಕು, ನಮ್ಮಿಬ್ಬರಲ್ಲಿ ಒಬ್ಬರು ಮತ್ತೆ ಸ್ಪಾನರ್ ಹಾಕಿ ಜೀವ ಬಿಟ್ಟು ತಿರುಗಿಸಿ ನೋಡಬೇಕು. ‘ತಿರುಗಲ್ಲ ಅಪ್ಪಾ’ ಅಂದ ಮೇಲೇ ನಟ್ಟಿಗೂ ಬೋಲ್ಟಿಗೂ ಸೇರಿಸಿ ಕೆಂಪು ಗೆರೆ, ನಟ್ ಸರಿದರೆ ಗೆರೆ ಮುರಿದು ತಿಳಿಯಲಿ ಎಂದು. ನನ್ನ ಉಗುರು ಬಣ್ಣದ ಸೀಸೆಯನ್ನು ಕದ್ದದ್ದು ನೀನು, ಬೈಸಿಕೊಂಡದ್ದು ನಾನು.

ಸಾಕು ಈ ಜಗಳ. ಕೆರೆ ಹತ್ತಿರವಾಗಿದೆ. ಇನ್ನು ಬರೀ ಇಳಿಜಾರು.

ಅಕ್ಕ


ಮೇ 13
ಅಂಗಡಿಯಿಂದ, ತುರ್ತು

ಅಕ್ಕಾ,

ಕಟಕಟ ಸದ್ದು ಎಂದು ಬರೆದ ನಿನ್ನ ಕಾಗದ ಈಗ ತಾನೇ ಬಂತು. ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ.

ಆ ದೊಡ್ಡ ನಟ್ಟನ್ನು ಬಿಗಿ ಮಾಡಿದೆನೋ ಇಲ್ಲವೋ ನನಗೆ ಜ್ಞಾಪಕವಿಲ್ಲ. ಗೆರೆ ಎಳೆದದ್ದು ಜ್ಞಾಪಕವಿದೆ. ನೀನು ಅಪ್ಪನ ಮಾತು ಎತ್ತಿದಾಗ ನನ್ನ ಕೈಯಲ್ಲಿ ಬಣ್ಣದ ಸೀಸೆ ಇತ್ತು. ಸಿಟ್ಟಿನಲ್ಲಿ ಒಳಗೆ ಹೋದೆ. ಅಪ್ಪ ಹೋದಮೇಲೆ ಬಿಗಿ ಮಾಡುವವನೂ ನಾನೇ, ಗೆರೆ ಎಳೆಯುವವನೂ ನಾನೇ. ಕೆಲವು ಸಲ ಮೊದಲು ಗೆರೆ ಎಳೆದು, ಆಮೇಲೆ ಬಿಗಿ ಮಾಡಿ ಗೆರೆ ತಿದ್ದುತ್ತೇನೆ, ಹಾಳು ಅಭ್ಯಾಸ. ನೀವು ಹೋದ ದಿನದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಬಿಗಿ ಮಾಡಿದ್ದೇನೆ ಎಂದು ಬೆಳಿಗ್ಗೆ ಅನಿಸುತ್ತದೆ, ಸಂಜೆಗೆ ಇಲ್ಲ ಅನಿಸುತ್ತದೆ. ಹೋದ ಕಾಗದದಲ್ಲೇ ಹೇಳಬೇಕಿತ್ತು. ‘ನೋಡು, ನಾನು ಹೇಳಿದ್ದು ಸರಿಯಾಯಿತು’ ಎಂದು ನೀನು ಅನ್ನುತ್ತೀಯ ಎಂಬ ಒಂದೇ ಹಟಕ್ಕೆ ಹೇಳಲಿಲ್ಲ.

ಸ್ಟುಡಿಯೊದ ಫೋನಿನಿಂದ, ಭಾವನ ಪಟ್ಟಿಯಲ್ಲಿ ನಂಬರಿದ್ದ ಬಿಡಾರದ ಕಚೇರಿಗೆ ಕರೆ ಮಾಡಿದೆ. ಆ ಕಡೆಯ ಹೆಂಗಸಿಗೆ ನನ್ನ ಮಾತು ತಿಳಿಯಲಿಲ್ಲ, ನನಗೆ ಅವಳದು. ‘ಸೈಕಲ್, ಸೈಕಲ್’ ಎಂದು ಕೂಗಿದೆ. ನಕ್ಕು ಫೋನ್ ಇಟ್ಟಳು. ಪಟ್ಟಿಯ ಪ್ರಕಾರ ನೀವು ಹದಿನೇಳಕ್ಕೆ ಕೆರೆಯ ಊರಿನ ಅಂಚೆ ಕಚೇರಿಗೆ ಹೋಗುತ್ತೀರಿ. ತಂತಿ ಕೊಟ್ಟರೂ ಅಲ್ಲಿಗೇ ಹೋಗಿ ಕೂರುತ್ತದೆ. ಆದರೂ ಕೊಟ್ಟಿದ್ದೇನೆ.

ಗುಬ್ಬಿಯನ್ನು ಅದರ ಮೇಲೆ ಕೂರಿಸಬೇಡ. ಗೆರೆಯನ್ನು ನಂಬಬೇಡ ಅಕ್ಕಾ. ಇದು ಅಪ್ಪ ಎಳೆದ ಗೆರೆಯಲ್ಲ.

ತಮ್ಮ


ಮೇ 24

ಅಕ್ಕನಿಗೆ,

ನಿನ್ನ ಹದಿಮೂರರ ಕಾಗದ ಬಂದು ಒಂದು ವಾರವಾಯಿತು. ಆಮೇಲೆ ಒಂದು ಸಾಲೂ ಇಲ್ಲ. ದಿನಾ ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನೆ ಅವನೇ ದೂರದಿಂದಲೇ ಕೈಯಾಡಿಸಿ ಇಲ್ಲ ಎಂದ.

ಬೈಯುವುದಾದರೆ ಬೈದು ಬರೆ. ಒಂದು ಸಾಲು ಸಾಕು.

ತಮ್ಮ


ಮೇ 27
ಆಸ್ಪತ್ರೆಯಿಂದ

ತಮ್ಮನಿಗೆ,

ಮೊದಲು ಇದನ್ನು ಓದು: ಗುಬ್ಬಿ ಬದುಕಿದ್ದಾಳೆ. ಓದಿದೆಯಾ? ಈಗ ಕೂತುಕೋ.

ಹದಿನಾರನೆಯ ತಾರೀಖು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೆರೆಯ ಕಡೆಗಿನ ಇಳಿಜಾರಿನಲ್ಲಿದ್ದೆವು. ಗುಬ್ಬಿ ಹಿಂದೆ ಹಾಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಸೈಕಲ್ ಹಗುರವಾಯಿತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಾಡು ನಿಂತಿತು. ತಿರುಗಿ ನೋಡಿದರೆ ಸಲಾಕೆ ನೆಲಕ್ಕೆ ಬಡಿಯುತ್ತ, ಅರ್ಧ ಸೈಕಲ್ ರಸ್ತೆಯಂಚಿನ ಕಲ್ಲಿಗೆ ತಗುಲಿ ಮಗುಚಿತು. ಅವಳು ಕೆಳಗೆ ಚರಂಡಿಯಲ್ಲಿದ್ದಳು. ಅಳಲಿಲ್ಲ, ಅದೇ ಭಯವಾದದ್ದು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ನಮ್ಮನ್ನು ಎತ್ತಿ ಹಾಕಿಕೊಂಡು ಇಲ್ಲಿಗೆ ತಂದ.

ಎಡ ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಎರಡು ದಿನ ಪ್ರಜ್ಞೆ ಇರಲಿಲ್ಲ. ಈಗ ಮಾತಾಡುತ್ತಾಳೆ. ಕಾಲಿಗೆ ತೂಕ ಕಟ್ಟಿ ಎಳೆದಿಟ್ಟಿದ್ದಾರೆ. ಮೂಳೆ ಕೂಡುತ್ತದೆ, ಆದರೆ ಆ ಕಾಲು ತುಸು ಗಿಡ್ಡವಾಗಿಯೇ ಉಳಿಯಬಹುದು ಎಂದು ಡಾಕ್ಟರು ಹೆಬ್ಬೆರಳು, ತೋರುಬೆರಳು ಹಿಡಿದು ತೋರಿಸಿದರು. ಅಷ್ಟು ಅಂತರ. ಭಾವನೂ ದೊಡ್ಡವಳೂ ಸೈಕಲ್ಲುಗಳನ್ನು ತೆಗೆದುಕೊಂಡು ನಿನ್ನೆಯ ರೈಲಿಗೆ ಊರಿಗೆ ಹೊರಟರು. ರಜೆ ಮುಗಿಯಿತು. ನಾನು ಪಾಠ ಮಾಡುವ ಶಾಲೆಗೆ ರಜೆ ಬರೆದು ಇವಳ ಜೊತೆ ಉಳಿದಿದ್ದೇನೆ.

ನಿನ್ನ ತುರ್ತಿನ ಕಾಗದವನ್ನೂ ತಂತಿಯನ್ನೂ ಭಾವ ಇಪ್ಪತ್ತಕ್ಕೆ ತಂದುಕೊಟ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಬಿಗಿ ಮಾಡಿದೆನೋ ಇಲ್ಲವೋ ಜ್ಞಾಪಕವಿಲ್ಲ ಎಂದು ಬರೆದಿದ್ದೀಯ. ತಮ್ಮಾ, ಅದನ್ನು ಓದಿ ನನಗೇನಾಯಿತು ಗೊತ್ತೇ? ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ದಿನ ಮೊದಲ ಸಲ ನಿದ್ದೆ ಮಾಡಿದೆ. ಏಳು ದಿನ ತಪ್ಪನ್ನು ನಿನ್ನ ತಲೆಯ ಮೇಲೆ ಹೊರಿಸಿ ನಾನು ಸುಖವಾಗಿ ಮಲಗಿದೆ. ಅದಕ್ಕೇ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತಿತ್ತು.

ನಿಜ ಇದು. ನೀನು ಬಿಗಿ ಮಾಡಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ. ಆ ನಟ್ಟನ್ನು ನಾನು ಬಿಚ್ಚಿದ್ದೆ. ರೈಲಿನ ಬೋಗಿಯವನು ಇಷ್ಟುದ್ದದ್ದನ್ನು ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದ. ಗಾಡಿ ಹೊರಡಲು ನಾಲ್ಕು ನಿಮಿಷ. ಬೇರೆ ಹೇಗೆ ಬಿಡಿಸುವುದೋ ಗೊತ್ತಾಗಲಿಲ್ಲ, ಕಣ್ಣಿಗೆ ಕಂಡದ್ದು ಅದೊಂದೇ ನಟ್. ಬಿಚ್ಚುವಾಗ ಅದು ಗಟ್ಟಿಯಾಗಿತ್ತೋ ಸಡಿಲವಾಗಿತ್ತೋ ಈಗ ಎಷ್ಟು ತಲೆ ಚಚ್ಚಿಕೊಂಡರೂ ಜ್ಞಾಪಕಕ್ಕೆ ಬರುತ್ತಿಲ್ಲ. ಇಳಿದ ಮೇಲೆ ಚೀಲದಲ್ಲಿದ್ದ ಗಿಡ್ಡ ಸ್ಪಾನರಿನಿಂದ ನನ್ನ ಕೈಲಾದಷ್ಟು ತಿರುಗಿಸಿದೆ. ನಿನ್ನ ಗೆರೆ ಮುರಿದಿತ್ತು. ನೀನು ನೋಡಿದರೆ ಏನನ್ನುತ್ತೀಯೋ ಎಂದು ನನ್ನ ಉಗುರು ಬಣ್ಣದ ಸೀಸೆ ತೆಗೆದು ಅದರ ಮೇಲೇ ಹೊಸ ಗೆರೆ ಎಳೆದೆ. ಆಮೇಲೆ ನಿನ್ನ ಗೆರೆ ನೀನು ಎಳೆದ ಹಾಗೇ ಇದೆ ಎಂದು ಕಾಗದ ಬರೆದೆ.

ಇನ್ನೂ ಇದೆ. ಹನ್ನೆರಡಕ್ಕೆ ನಿನ್ನ ಕಾಗದ ಓದಿ, ಸಿಟ್ಟಿನಲ್ಲೇ ಬಗ್ಗಿ ನೋಡಿದ್ದೆ. ಗೆರೆ ಕೂದಲೆಳೆಯಷ್ಟು ಸರಿದಿತ್ತು. ನಾನೇ ಸೊಟ್ಟಗೆ ಎಳೆದಿರಬೇಕು ಎಂದುಕೊಂಡೆ. ಸ್ಪಾನರ್ ಚೀಲದ ತಳದಲ್ಲಿತ್ತು, ಮೇಲೆಲ್ಲ ಒದ್ದೆ ಬಟ್ಟೆ. ಗೆರೆ ನೆಟ್ಟಗಿದೆ ಎಂದು ಬರೆದು ಲಕೋಟೆ ಅಂಟಿಸಿದೆ.

ಬಿಚ್ಚುವಾಗಲೂ ಕೂಡಿಸುವಾಗಲೂ ಭಾವ ಮಕ್ಕಳ ಜೊತೆ ಬೇರೆ ಕಡೆ ಇದ್ದರು, ಅವರಿಗೆ ಇದಾವುದೂ ಗೊತ್ತಿಲ್ಲ. ನಿನ್ನದೇ ತಪ್ಪು ಎಂದುಕೊಂಡು ಊರಿಗೆ ಬರುತ್ತಿದ್ದಾರೆ. ರೈಲು ಹೊರಡುವವರೆಗೂ ಹೇಳೋಣ ಹೇಳೋಣ ಎಂದುಕೊಂಡೇ ಅವರ ಚೀಲ ಎತ್ತಿಕೊಟ್ಟು ಕಳಿಸಿದೆ. ನಿನ್ನೆ ಗುಬ್ಬಿ ಹೇಳಿದಳು, ‘ಅಮ್ಮಾ, ಸೈಕಲ್ ಸೊಟ್ಟ ಆಯ್ತು ಅಂತ ಮಾವನಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೋತಾನೆ.’ ಅದಾದ ಮೇಲೆ ಈ ಕಾಗದ ಬರೆಯದೆ ಇರಲಾಗಲಿಲ್ಲ.

ಭಾವ ಆ ಇಳಿಜಾರನ್ನು ಒಂದು ಗಂಟೆ ಹುಡುಕಿ ನಟ್ಟನ್ನು ತಂದಿದ್ದರು. ವಾಷರ್ ಅದಕ್ಕೇ ಅಂಟಿತ್ತು. ಎರಡನ್ನೂ ಇದರಲ್ಲಿ ಇಟ್ಟಿದ್ದೇನೆ. ಕಬ್ಬಿಣ ನೋಡಿ ಹೇಳುವ ವಿದ್ಯೆ ಅಪ್ಪ ನಿನಗೆ ಕಲಿಸಿದ್ದಾರೆ. ನೋಡಿ ನಿಜ ಹೇಳು. ನನ್ನ ಮುಖ ನೋಡಿ ಹೇಳಬೇಡ.

ಅಕ್ಕ


ಜೂನ್ 2
ಅಂಗಡಿಯಿಂದ

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬರುವುದಕ್ಕೆ ಮೂರು ದಿನ ಮುಂಚೆ ಭಾವ ಬಂದಿದ್ದರು. ಸೊಟ್ಟಗಾದ ಅರ್ಧ ಸೈಕಲ್ಲನ್ನು ಹೊಸ್ತಿಲ ಹೊರಗೆ ಇಟ್ಟರು. ‘ಇದನ್ನ ಏನ್ ಬೇಕಾದ್ರೂ ಮಾಡ್ಕೋ’ ಎಂದಷ್ಟೇ ಹೇಳಿ ಹೋದರು. ಒಂದು ಬೈಗುಳವಿಲ್ಲ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಅಂಗಡಿಯ ಬಾಗಿಲು ಹಾಕಿದೆ, ಮೂರು ದಿನ ತೆಗೆಯಲಿಲ್ಲ. ಇನ್ನು ಸ್ಪಾನರ್ ಹಿಡಿಯುವುದಿಲ್ಲ, ಅಂಗಡಿಯನ್ನು ಯಾರಿಗಾದರೂ ಒಪ್ಪಿಸುವುದು ಎಂದು ನಿರ್ಧಾರ ಮಾಡಿದ್ದೆ.

ನಿಜ ಹೇಳು ಎಂದಿದ್ದೀಯ. ಹೇಳುತ್ತೇನೆ.

ನಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದು ಹಲ್ಲಿರುವ ವಾಷರ್. ಬಿಗಿ ಮಾಡಿದಾಗ ಅದರ ಹಲ್ಲು ನಟ್ಟಿನ ತಳಕ್ಕೆ ಕಚ್ಚಿ ಗುರುತು ಬಿಡುತ್ತದೆ. ನಟ್ಟಿನ ತಳದಲ್ಲಿ ಎರಡು ಸಾಲು ಗುರುತುಗಳಿವೆ. ಒಂದು ಸಾಲು ಆಳವಾಗಿದೆ, ಬೆರಳಿಟ್ಟರೆ ತಗುಲುತ್ತದೆ. ಗೋಡೆಯ ಮೇಲಿನ ಉದ್ದನೆಯ ಸ್ಪಾನರ್ ಹಾಕಿ ಮೈಭಾರ ಬಿಟ್ಟರೆ ಮಾತ್ರ ಅಷ್ಟು ಆಳ ಬರುತ್ತದೆ. ಅದು ನನ್ನದು. ಇನ್ನೊಂದು ಸಾಲು ಅದರ ಪಕ್ಕದಲ್ಲಿ, ಬರೀ ಗೀಚಿದ ಹಾಗೆ. ಅದು ಗಿಡ್ಡ ಸ್ಪಾನರಿನದು.

ನಾನು ಬಿಗಿ ಮಾಡಿದ್ದೆ, ಅಕ್ಕಾ. ಬಿಚ್ಚಿ ಮತ್ತೆ ಹಾಕಿದ ಮೇಲೆ ಅದು ಸಡಿಲವಾಗಿ ಉಳಿದದ್ದು ನಿನ್ನ ಕೈಯಲ್ಲಿ.

ನಿನಗೆ ನೋವಾಗುತ್ತದೆ ಎಂದು ಇದನ್ನು ಬದಲಾಯಿಸಿ ಬರೆಯೋಣ ಎನಿಸಿತು. ಬರೆದೆ, ಹರಿದೆ. ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಬರೆದದ್ದು ಸಾಕು.

ಗುರುತು ಕಂಡಾಗ ನಾನೇನು ಮಾಡಿದೆ ಗೊತ್ತೇ? ಖಾಲಿ ಅಂಗಡಿಯಲ್ಲಿ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ. ‘ನಾನಲ್ಲ, ನಾನಲ್ಲ’ ಎಂದು ಕೂಗಿದೆ. ಸ್ಟುಡಿಯೊದವರು ಗೋಡೆ ತಟ್ಟಿದರು. ಮಗುವಿನ ಕಾಲು ಮುರಿದು ಬಿದ್ದಿದೆ, ಮಾವನಾದವನು ಕುಣಿಯುತ್ತಿದ್ದಾನೆ. ಆ ಸಂತೋಷಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದ್ದರಿಂದ ನೀನು ಏಳು ದಿನ ನಿದ್ದೆ ಮಾಡಿದ್ದಕ್ಕೆ ನಾನೇನೂ ಅನ್ನಲಾರೆ.

ಇನ್ನೊಂದು ಮಾತನ್ನು ನಾನೂ ಮುಚ್ಚಿಟ್ಟಿದ್ದೆ. ಸಲಾಕೆ ಬಿಡಿಸುವುದಕ್ಕೆ ನಟ್ ಬಿಚ್ಚಬೇಕಾಗಿಯೇ ಇರಲಿಲ್ಲ. ಸಲಾಕೆಯ ತುದಿಯ ರಬ್ಬರ್ ಹೊದಿಕೆಯ ಕೆಳಗೆ ಒಂದು ಪಿನ್ ಇದೆ. ಎಳೆದರೆ ಎರಡು ಸೆಕೆಂಡಿನಲ್ಲಿ ಬಿಡುತ್ತದೆ, ಒತ್ತಿದರೆ ಕೂರುತ್ತದೆ. ರೈಲಿಗೆ ಬೇಕಾಗುತ್ತದೆಂದೇ ಮೂರು ದಿನ ಕೂತು ಮಾಡಿದ್ದೆ. ಕೊನೆಗೆ ನಿನಗೆ ತೋರಿಸಿ ಬೆರಗು ಮಾಡಬೇಕು ಎಂದುಕೊಂಡಿದ್ದೆ. ನೀನು ಆ ಮಾತಾಡಿದೆ, ನಾನು ಒಳಗೆ ಹೋದೆ. ಕಿಟಕಿಯಿಂದ ನೀವು ಹೋಗುವುದನ್ನು ನೋಡುತ್ತಿದ್ದೆ. ಗುಬ್ಬಿ ತಿರುಗಿ ತಿರುಗಿ ನೋಡಿದ್ದೂ ಕಂಡಿತು. ಪಿನ್ನು ತೋರಿಸಿಲ್ಲವಲ್ಲ ಎಂದು ಆಗಲೇ ಜ್ಞಾಪಕಕ್ಕೆ ಬಂತು. ಓಡಿ ಬಂದು ಕೂಗಿದ್ದರೆ ತಿರುವಿನಲ್ಲಿ ಸಿಗುತ್ತಿದ್ದಿರಿ. ‘ಒದ್ದಾಡಲಿ’ ಎಂದುಕೊಂಡೆ. ಹಾಗೇ ಅಂದುಕೊಂಡೆ, ಅದೇ ಮಾತು.

ಭಾವನಿಗೆ ನೀನೇ ಬರೆ. ನಾನು ಹೇಳುವುದಿಲ್ಲ. ಪಿನ್ನಿನ ವಿಷಯವನ್ನು ನಾನು ಹೇಳಿಕೊಳ್ಳುತ್ತೇನೆ.

ಅರ್ಧ ಸೈಕಲ್ಲನ್ನು ಗುಜರಿಗೆ ಹಾಕಬೇಕೆಂದು ಬೀದಿಗೆ ಎಳೆದಿದ್ದೆ. ಗುಬ್ಬಿ ಹೇಳಿದ ಮಾತನ್ನು ನಿನ್ನ ಕಾಗದದಲ್ಲಿ ಓದಿ ಮತ್ತೆ ಒಳಗೆ ತಂದೆ. ಸಲಾಕೆಯನ್ನು ಕಾಯಿಸಿ ನೆಟ್ಟಗೆ ಮಾಡಿದೆ. ಚಕ್ರಕ್ಕೆ ಒಂಬತ್ತು ಹೊಸ ಕಡ್ಡಿ ಹಾಕಿದೆ. ಎಡಗಡೆಯ ಪೆಡಲ್ ಮಾತ್ರ ಹಾಗೇ ಬಿಟ್ಟಿದ್ದೇನೆ. ಅವಳ ಕಾಲು ಎಷ್ಟಕ್ಕೆ ನಿಲ್ಲುತ್ತದೋ ನೋಡಿಕೊಂಡು ಅಷ್ಟಕ್ಕೆ ಮರದ ತುಂಡು ಕೂರಿಸುತ್ತೇನೆ. ಅವಳು ಮತ್ತೆ ಹತ್ತುತ್ತಾಳೋ ಇಲ್ಲವೋ, ನೀನು ಹತ್ತಿಸುತ್ತೀಯೋ ಇಲ್ಲವೋ, ನಾನು ಕೇಳುವುದಿಲ್ಲ.

ಎಲ್ಲ ನಟ್ಟುಗಳನ್ನೂ ಬಿಗಿ ಮಾಡಿದ್ದೇನೆ, ಹನ್ನೊಂದು. ಗೆರೆ ಒಂದಕ್ಕೂ ಎಳೆದಿಲ್ಲ. ಅದನ್ನು ಒಬ್ಬರೇ ಎಳೆಯುವ ಹಾಗಿಲ್ಲವೆಂದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದರು. ನಾನೂ ಒಬ್ಬನೇ ಎಳೆದೆ, ನೀನೂ ಒಬ್ಬಳೇ ಎಳೆದೆ. ಬಂದಮೇಲೆ ನೀನು ಒಂದೊಂದಕ್ಕೂ ಸ್ಪಾನರ್ ಹಾಕು. ಉದ್ದನೆಯದು, ಗೋಡೆಯ ಮೇಲಿದೆ. ಜೀವ ಬಿಟ್ಟು ತಿರುಗಿಸು. ‘ತಿರುಗಲ್ಲ ಕಣೋ’ ಎಂದು ಬಾಯಿಬಿಟ್ಟು ಹೇಳು. ನನಗೆ ಕೇಳಿಸಬೇಕು.

ಅಲ್ಲಿಯವರೆಗೆ ಅರ್ಧ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ಅಂಗಡಿ ತೆಗೆದಿದ್ದೇನೆ.

ನಿನ್ನ ತಮ್ಮ